ಗ್ಯಾರೇಜಿನೊಳಗೆ ಆ ಹೀಟರ್ ಹಚ್ಚಬೇಡ

ಚಿರಂಜೀವಿ ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮಗುವಿನ ವಿಚಾರ, ಹೊಸ ಗಿರಾಕಿಗಳ ವಿಚಾರ, ಸಕಲೇಶಪುರದ ತೋಟದ ವಿಚಾರ ಇವಕ್ಕೆಲ್ಲ ನಿನ್ನ ದೊಡ್ಡಮ್ಮ ಬೇರೆಯಾಗಿ ಬರೆಯುತ್ತಾಳೆ. ನಾನು ಬರೆಯುತ್ತಿರುವುದು ನೀನು ಮೂರನೆಯ ಪುಟದ ಕೊನೆಯಲ್ಲಿ, ಬೇರೇನನ್ನೋ ಹೇಳುವ ನಡುವೆ ಸೇರಿಸಿದ ಒಂದು ವಾಕ್ಯಕ್ಕಾಗಿ. ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನಲ್ಲಿ ಹಿಮಗಟ್ಟುವ ರಾತ್ರಿಗಳು ಶುರುವಾಗಿವೆ, ಗಿರಾಕಿಗಳ ಕಿಟಕಿ ಗಾಜು ತೊಳೆಯಲು ವ್ಯಾನಿನಲ್ಲಿಟ್ಟಿರುವ ಪಂಪು ಒಡೆದರೆ ವಾರದ ದುಡಿಮೆ ಕೈಬಿಡುತ್ತದೆ, ಆದ್ದರಿಂದ ವ್ಯಾನನ್ನು ಗ್ಯಾರೇಜಿಗೆ ಹಾಕಿ ಹಿಂಬಾಗಿಲು ತೆರೆದು ಗ್ಯಾಸ್ ಹೀಟರ್ ಒಂದನ್ನು ಬೆಳಗಿನವರೆಗೆ ಸಣ್ಣ ಉರಿಯಲ್ಲಿ ಇಡಬೇಕೆಂದಿದ್ದೇನೆ ಎಂದು ಬರೆದಿದ್ದೀಯೆ. ಆ ಗ್ಯಾರೇಜಿನ ಮೇಲಿನ ಕೋಣೆಯಲ್ಲೇ ಮಗುವಿನ ತೊಟ್ಟಿಲಿದೆ.

ಅದನ್ನು ಮಾಡಬೇಡ. ಫೋನಿನಲ್ಲಿ ಇಷ್ಟನ್ನು ಆಗಲೇ ಹೇಳಿದೆ, ನೀನು "ಆಯಿತು ದೊಡ್ಡಪ್ಪ" ಎಂದೆ. ಆದರೆ ವಯಸ್ಸಾದವರ ಗಾಬರಿಗೆ ಹೂಂಗುಟ್ಟುವಾಗ ಇರುವ ಧಾಟಿ ನಿನ್ನ ದನಿಯಲ್ಲಿತ್ತು. ಆದ್ದರಿಂದ ಕಾರಣವನ್ನು ಕಾಗದದ ಮೇಲೆ ಇಡುತ್ತಿದ್ದೇನೆ.

ಗ್ಯಾಸಾಗಲಿ, ಸೀಮೆಎಣ್ಣೆಯಾಗಲಿ, ಇದ್ದಿಲಾಗಲಿ ಸರಿಯಾಗಿ ಉರಿಯಲು ಗಾಳಿ ಬೇಕು. ಮುಚ್ಚಿದ ಜಾಗದಲ್ಲಿ ಆಮ್ಲಜನಕ ಕಡಿಮೆಯಾಗುತ್ತಾ ಬಂದಂತೆ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕಣ್ಣನ್ನು ಉರಿಸುವುದಿಲ್ಲ, ಕೆಮ್ಮು ಬರಿಸುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ, ಹೀಗಾಗಿ ಉಸಿರಾಡುತ್ತಿದ್ದರೂ ಉಸಿರು ದೇಹಕ್ಕೆ ದಕ್ಕುವುದಿಲ್ಲ. ಎಚ್ಚರವಾಗಿರುವವನಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದು ಒಂದಷ್ಟು ಸೂಚನೆಯಾದರೂ ಸಿಗುತ್ತದೆ; ಮಲಗಿದ್ದವನಿಗೆ ಅದೂ ಸಿಗುವುದಿಲ್ಲ. ಇದರ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ ಆದ್ದರಿಂದ ಬೆಚ್ಚಗಿನ ಗಾಳಿಯ ಜೊತೆ ಮೇಲಕ್ಕೇರುತ್ತದೆ. ಪೈಪು, ವೈರು ಹಾಯಿಸಲು ಕೊರೆದ ಸಂದುಗಳು ಅದಕ್ಕೆ ಸಾಕು. ಅವು ಇಲ್ಲದಿದ್ದರೂ ಚಾವಣಿಗೆ ಬಡಿದಿರುವ ಪ್ಲಾಸ್ಟರ್‌ಬೋರ್ಡನ್ನು ಹಾಯ್ದು ಹೋಗುವ ಶಕ್ತಿ ಅದಕ್ಕಿದೆ. ಚಿಕ್ಕ ಮಕ್ಕಳು ನಮಗಿಂತ ವೇಗವಾಗಿ ಉಸಿರಾಡುತ್ತವೆ, ಆದ್ದರಿಂದ ಅವಕ್ಕೆ ಬೇಗ ತಗಲುತ್ತದೆ. ಇದನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತಿದೆ, ಆದರೂ ಬರೆಯಲೇಬೇಕು.

ನಮ್ಮ ಮನೆಯಲ್ಲಿ ಮಾಗಿಯ ಚಳಿಗೆ ಅಜ್ಜಿ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಒಳಕೋಣೆಗೆ ತರುತ್ತಿರಲಿಲ್ಲವೇ, ಯಾರಿಗೇನಾಯಿತು ಎಂದು ನೀನು ಕೇಳಬಹುದು. ಫೋನಿನಲ್ಲಿ ಕೇಳಿಯೂ ಇದ್ದೆ. ಆ ಮನೆಗೆ ನಾಡಹೆಂಚಿನ ಮಾಡು ಇತ್ತು. ಹೆಂಚಿನ ಸಂದುಗಳಲ್ಲಿ ಬೆಳಕು ಕೋಲುಕೋಲಾಗಿ ಇಳಿಯುತ್ತಿದ್ದುದು, ಬಚ್ಚಲೊಲೆಯ ಹೊಗೆ ಅದೇ ಸಂದುಗಳಲ್ಲಿ ನುಸುಳಿ ಹೋಗುತ್ತಿದ್ದುದು ನಿನಗೂ ನೆನಪಿರಬೇಕು. ಆ ಮಾಡೇ ನಮ್ಮನ್ನು ಕಾಯುತ್ತಿತ್ತು. ಈಚಿನ ವರ್ಷಗಳಲ್ಲಿ ನಮ್ಮ ಕಡೆಯೂ ಆರ್‌ಸಿಸಿ ಮನೆಗಳಲ್ಲಿ ಕಿಟಕಿ ಮುಚ್ಚಿ ಕೆಂಡ ಇಟ್ಟುಕೊಂಡು ಮಲಗಿದವರು ಏಳದೇ ಹೋದ ಸುದ್ದಿಗಳು ಪತ್ರಿಕೆಯಲ್ಲಿ ಬರುತ್ತವೆ. ನಿನ್ನ ಮನೆಯನ್ನಂತೂ ಒಂದು ಚೂರು ಬಿಸಿಯೂ ಹೊರಹೋಗದಂತೆ ಕಟ್ಟಿದ್ದಾರೆ. ಬಿಸಿ ಹೊರಹೋಗದ ಮನೆಯಿಂದ ವಿಷವೂ ಹೊರಹೋಗುವುದಿಲ್ಲ.

ಆಸ್ಪತ್ರೆಯ ಬಾಯ್ಲರ್ ಮನೆಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಮೇಸ್ತ್ರಿ ಮೊದಲು ತೋರಿಸಿದ್ದು ಉರಿಯನ್ನಲ್ಲ, ಗಾಳಿ ಒಳಬರುವ ಜಾಲರಿಯನ್ನು ಮತ್ತು ಹೊಗೆಕೊಳವೆಯನ್ನು. ಹೊಗೆ ಹೋಗುವ ದಾರಿ ಗೊತ್ತಿಲ್ಲದಿದ್ದರೆ ಕಡ್ಡಿ ಗೀರಬೇಡ ಎಂದಿದ್ದ. ಆ ಮಾತನ್ನು ಅವನ ಬಾಯಿಂದ ಕೇಳುವುದಕ್ಕೆ ಮುಂಚೆಯೇ ಅದರ ಅರ್ಥ ನನಗೆ ತಿಳಿದುಹೋಗಿತ್ತು. ಗ್ಲಾಸ್ಗೋದಲ್ಲಿ ನಾವೆಲ್ಲ ಬಾಡಿಗೆ ಕೋಣೆಗಳಲ್ಲಿ ಇದ್ದ ಕಾಲದಲ್ಲಿ ಧಾರವಾಡದ ಕಡೆಯ ಗೆಳೆಯನೊಬ್ಬ ಕೆಳಗಿನ ಮಹಡಿಯಲ್ಲಿದ್ದ. ಚಳಿ ತಡೆಯಲಾರದೆ ಕಿಟಕಿಯ ಸಂದುಗಳಿಗೆಲ್ಲ ಪೇಪರು ತುರುಕಿ, ಸೀಮೆಎಣ್ಣೆಯ ಹೀಟರ್ ಹಚ್ಚಿ ಮಲಗಿದ. ಬೆಳಿಗ್ಗೆ ಬಾಗಿಲು ಒಡೆದಾಗ ಕೋಣೆ ಬೆಚ್ಚಗೇ ಇತ್ತು. ಅವನ ಮುಖದಲ್ಲಿ ಕೆಂಪಿತ್ತು, ಆರೋಗ್ಯವಾಗಿ ನಿದ್ದೆ ಮಾಡುತ್ತಿದ್ದಾನೆ ಎಂದೇ ನಮಗೆ ಅನ್ನಿಸಿತು. ಅವನ ತಾಯಿಗೆ ಕನ್ನಡದಲ್ಲಿ ಬರೆಯಬಲ್ಲವನು ಆ ಮನೆಯಲ್ಲಿ ನಾನೊಬ್ಬನೇ ಇದ್ದೆ. ಬರೆದೆ. ಆಕೆಯಿಂದ ಬಂದ ಉತ್ತರದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಅವನು ಕರೆದಿದ್ದರೆ ಯಾರಿಗೂ ಕೇಳಿಸುತ್ತಿರಲಿಲ್ಲವೇ ಎಂದು. ಧಾರವಾಡಕ್ಕೆ ಹೋಗಿ, ಅವನು ಕರೆಯಲೇ ಇಲ್ಲ, ಅವನಿಗೆ ಏನೂ ತಿಳಿಯಲೇ ಇಲ್ಲ ಎಂದು ಆಕೆಯ ಎದುರು ಕುಳಿತು ಹೇಳಬೇಕೆಂದು ಬಹಳ ವರ್ಷ ಅಂದುಕೊಂಡಿದ್ದೆ. ರಜೆ, ದುಡ್ಡು ಎರಡೂ ಒಟ್ಟಿಗೆ ಕೂಡಿಬರುವಷ್ಟರಲ್ಲಿ ಆಕೆ ಇರಲಿಲ್ಲ. ಈ ಕೊರಗು ನನ್ನಲ್ಲಿ ಹಾಗೆಯೇ ಉಳಿದಿದೆ. ನಿನ್ನ ಪತ್ರದ ಆ ವಾಕ್ಯ ಓದಿದಾಗ ಮೊದಲು ಎದುರಿಗೆ ಬಂದದ್ದು ಆ ಪೇಪರು ತುರುಕಿದ ಕಿಟಕಿ.

ನಿನ್ನ ಕಸುಬಿನ ಬಗ್ಗೆ ನಾನು ಹೇಳುವುದು ಅಧಿಕಪ್ರಸಂಗವಾದೀತು. ಆದರೂ ನೀರಿನ ಬಗ್ಗೆ ನನಗೂ ಅಷ್ಟಿಷ್ಟು ಗೊತ್ತು, ಮತ್ತು ನಿನ್ನ ಭಯ ಅಗತ್ಯಕ್ಕಿಂತ ದೊಡ್ಡದಾಗಿದೆ ಎಂದು ನನಗೆ ತೋರುತ್ತದೆ. ನಿನ್ನ ಟ್ಯಾಂಕಿನಲ್ಲಿ 350 ಲೀಟರ್ ನೀರಿದೆ. ಅಷ್ಟು ನೀರು ಸಾಧಾರಣ ಚಳಿಯ ಒಂದು ರಾತ್ರಿಗೆ ಗಟ್ಟಿಯಾಗುವುದಿಲ್ಲ. ಹೆಪ್ಪುಗಟ್ಟುವುದು ತೆಳುವಾದ ಜಾಗಗಳಲ್ಲಿ: ಪಂಪಿನ ತಲೆ, ಪೈಪಿನ ಮೊಣಕೈಗಳು, ತಟ್ಟನೆ ಜೋಡಿಸಿ ಬಿಡಿಸುವ ಆ ಪ್ಲಾಸ್ಟಿಕ್ ಕೂಡಿಕೆಗಳು, ರೀಲಿಗೆ ಸುತ್ತಿದ ಹೋಸಿನ ಹೊರಸುತ್ತು. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಪ್ಲಾಸ್ಟಿಕ್ ಅಷ್ಟು ಹಿಗ್ಗಲು ಒಪ್ಪುವುದಿಲ್ಲ. ಆ ತೆಳುವಾದ ಜಾಗಗಳಲ್ಲಿ ನೀರೇ ಇಲ್ಲದಿದ್ದರೆ ಒಡೆಯುವುದಕ್ಕೆ ಏನೂ ಇಲ್ಲ. ಕೆಲಸ ಮುಗಿದ ಮೇಲೆ ಟ್ಯಾಂಕಿನ ವಾಲ್ವ್ ಮುಚ್ಚಿ, ಪಂಪನ್ನು ಸ್ವಲ್ಪ ಹೊತ್ತು ಓಡಿಸಿ ಒಳಗಿನ ನೀರು ಹೊರಹಾಕುವುದು, ಕೂಡಿಕೆಗಳನ್ನು ಬಿಡಿಸಿ ತೆರೆದಿಡುವುದು ನಿನಗೆ ಹೊಸದೇನಲ್ಲ. ನಿನ್ನದರಂಥ ಡಯಾಫ್ರಾಮ್ ಪಂಪು ಸ್ವಲ್ಪ ಹೊತ್ತು ಬರಿದಾಗಿ ಓಡಿದರೆ ಕೆಡುವುದಿಲ್ಲ. ಕೋಲಿನ ಬ್ರಷ್ಷನ್ನೂ ನೀರನ್ನು ಶುದ್ಧಮಾಡುವ ರೆಸಿನ್ ಡಬ್ಬಿಯನ್ನೂ ಮನೆಯೊಳಗೆ ತಂದಿಡು. ರೆಸಿನ್ ಮಣಿಗಳು ಹೆಪ್ಪುಗಟ್ಟಿದರೆ ಸೀಳುತ್ತವೆ. ಸ್ಕಾಟ್ಲೆಂಡಿನ ನೀರು ಮೃದುವಾದ್ದರಿಂದ, ಅಂದರೆ ಅದರಲ್ಲಿ ಲವಣ ಕಡಿಮೆಯಾದ್ದರಿಂದ, ನಿನಗೆ ಆ ರೆಸಿನ್ ಒಂದೇ ಸಾಕಾಗುತ್ತದೆ, ಆರ್‌ಓ ಮೆಂಬ್ರೇನ್ ಎಂಬ ಸೋಸುವ ಪೊರೆಯ ಚಿಂತೆ ಇಲ್ಲ. ಇಂಗ್ಲೆಂಡಿನ ದಕ್ಷಿಣದಲ್ಲಿ ಇದೇ ಕೆಲಸ ಮಾಡುವವರಿಗೆ ಅದೂ ಒಂದು ಚಳಿಗಾಲದ ತಲೆನೋವು.

ಎಂಜಿನ್ನಿಗೆ ಹಾಕುವ ಹಾಗೆ ನೀರಿಗೆ ಆಂಟಿಫ್ರೀಜ್ ಬೆರೆಸಬಾರದೇಕೆ ಎಂದು ನಿನ್ನ ದೊಡ್ಡಮ್ಮ ಕೇಳಿದಳು. ಏನನ್ನೂ ಬೆರೆಸದ ಶುದ್ಧ ನೀರೇ ನಿನ್ನ ಬಂಡವಾಳ, ಏನಾದರೂ ಬೆರೆತರೆ ಗಾಜಿನ ಮೇಲೆ ಕಲೆ ಉಳಿಯುತ್ತದೆ ಎಂದು ವಿವರಿಸಿದೆ. ಅವಳಿಗೆ ನಿನ್ನ ಕೆಲಸದ ಮೇಲೆ ಗೌರವ ಹೆಚ್ಚಾಗಿದೆ.

ಮತ್ತೆ ಆ ಹೀಟರಿಗೇ ಬರುತ್ತೇನೆ. ಮನೆಯೊಳಗೆ ಉಪಯೋಗಿಸುವ, ನೀಲಿ ಸಿಲಿಂಡರಿನ ಹೀಟರ್ ಎಂದು ಬರೆದಿದ್ದೀಯೆ. ಅದರಲ್ಲಿರುವುದು ಬ್ಯುಟೇನ್. ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅನಿಲವಾಗುವುದನ್ನೇ ನಿಲ್ಲಿಸುತ್ತದೆ, ಅಂದರೆ ಅದು ನಿನಗೆ ಬೇಕಾದ ರಾತ್ರಿಯೇ ಸೋಲುತ್ತದೆ. ಕೆಂಪು ಸಿಲಿಂಡರಿನ ಪ್ರೊಪೇನ್ ತಂದರೆ ಉರಿ ಸೋಲುವುದಿಲ್ಲ, ಆದರೆ ವಿಷದ ಭಯ ಹಾಗೆಯೇ ಇರುತ್ತದೆ. ಜೊತೆಗೆ ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಆ ಆವಿ ವ್ಯಾನಿನ ತಣ್ಣನೆಯ ತಗಡಿನ ಮೇಲೆ, ಪಂಪಿನ ಕಂಟ್ರೋಲರಿನ ಮೇಲೆ ಕುಳಿತು ನೀರಾಗುತ್ತದೆ. ನೀನು ಕಾಪಾಡಲು ಹೊರಟ ವಸ್ತುವಿಗೂ ಅದರಿಂದ ಒಳ್ಳೆಯದಾಗುವುದಿಲ್ಲ.

ಬಿಸಿ ಬೇಕೇ ಬೇಕೆಂದಿದ್ದರೆ ಗಿಡ ಬೆಳೆಸುವ ಗಾಜಿನ ಮನೆಗಳಲ್ಲಿ ಹಿಮ ತಡೆಯಲು ಇಡುವ ಕಡಿಮೆ ವ್ಯಾಟಿನ ವಿದ್ಯುತ್ ಟ್ಯೂಬ್ ಹೀಟರ್ ಸಾಕು. ಒಳಗೆ 5 ಡಿಗ್ರಿ ಇದ್ದರೆ ನೀರು ನೀರಾಗಿಯೇ ಇರುತ್ತದೆ, ಆದ್ದರಿಂದ ಥರ್ಮೋಸ್ಟಾಟನ್ನು ಅಲ್ಲಿಗೇ ಇಡು. ವ್ಯಾನಿನ ಒಳಗೋಡೆಗೆ ಫೋಮ್ ಹಲಗೆ ಬಡಿದರೆ ಆ ಸಣ್ಣ ಬಿಸಿಯೂ ನಿಲ್ಲುತ್ತದೆ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಡದೆ ಪೂರ್ತಿ ಬಿಚ್ಚು, ನೀರಿನ ಹತ್ತಿರದ ವಿದ್ಯುತ್ತಾದ್ದರಿಂದ ಸೋರುವ ವಿದ್ಯುತ್ತನ್ನು ಕಂಡೊಡನೆ ಸರಬರಾಜು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಡಿ ಇರುವ ಸಾಕೆಟ್ಟನ್ನೇ ಉಪಯೋಗಿಸು, ಹೀಟರಿನ ಹತ್ತಿರ ಬಟ್ಟೆ, ರಟ್ಟು ಇಡಬೇಡ. ಫ್ಯಾನ್ ಹೀಟರ್ ಬೇಡ; ಯಾರೂ ನೋಡದ ರಾತ್ರಿಯಲ್ಲಿ ಅದನ್ನು ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ. ನಿನ್ನ ಸ್ನೇಹಿತರು ಹಾಕಿಸಿಕೊಂಡಿರುವ ಡೀಸೆಲ್ ಹೀಟರಿನ ಬಗ್ಗೆ ಕೇಳಿದ್ದೀಯೆ. ಅದರ ಹೊಗೆ ವ್ಯಾನಿನ ಅಡಿಯಿಂದ ಹೊರಗೆ ಹೋಗುತ್ತದೆ, ನಿಜ, ಆದರೆ ವ್ಯಾನು ಗ್ಯಾರೇಜಿನೊಳಗೆ ಇದ್ದರೆ ಆ "ಹೊರಗೆ" ಎಂಬುದು ಮಗುವಿನ ಕೋಣೆಯ ಕೆಳಗೇ ಆಯಿತು. ಬೆಳಿಗ್ಗೆ ಗ್ಯಾರೇಜಿನಲ್ಲೇ ಎಂಜಿನ್ ಚಾಲೂ ಮಾಡಿ, ಗಾಜಿನ ಹಿಮ ಕರಗಲೆಂದು ಹಾಗೇ ಬಿಟ್ಟು ಕಾಫಿ ಕುಡಿಯಲು ಒಳಗೆ ಹೋಗುವ ಅಭ್ಯಾಸವಿದ್ದರೆ ಅದನ್ನೂ ಬಿಡು. ಇದ್ದೀತೆಂಬ ಯೋಚನೆ ನನಗೆ ರಾತ್ರಿ ಬಂತು, ಅದಕ್ಕೆ ಬರೆದೆ. ಇಲ್ಲದಿದ್ದರೆ ಬೇಸರ ಮಾಡಿಕೊಳ್ಳಬೇಡ.

ಒಂದು ದಿನದ ದುಡಿಮೆ ಹೋಗುತ್ತದೆ ಎಂಬ ಭಯ ಎಂಥದ್ದು ಎಂದು ನನಗೆ ಗೊತ್ತು. ಚಳಿಗಾಲ ಬಂತೆಂದರೆ ನನಗೆ ಓವರ್‌ಟೈಮು. 1995ರ ಡಿಸೆಂಬರ್ ಕೊನೆಯಲ್ಲಿ, ನಿಮ್ಮ ಉತ್ತರದ ಆಲ್ಟ್ನಹಾರಾ ಎಂಬ ಹಳ್ಳಿಯಲ್ಲಿ ಉಷ್ಣಾಂಶ ಸೊನ್ನೆಗಿಂತ 27.2 ಡಿಗ್ರಿ ಕೆಳಗಿಳಿದ ಆ ವಾರ, ಗ್ಲಾಸ್ಗೋದಲ್ಲೂ ಪೈಪುಗಳು ಬೀದಿಬೀದಿಗೆ ಒಡೆದವು, ನಾವು ಆಸ್ಪತ್ರೆಯಿಂದ ಮನೆಗೆ ಹೋಗಲೇ ಇಲ್ಲ. ಆಗ ಊರಿನಿಂದ ಬಂದಿದ್ದ ನಿನ್ನ ಅಜ್ಜಿ ನಮ್ಮ ಮನೆಯಲ್ಲಿ ಕಿಟಕಿಯ ಪಕ್ಕ ನನ್ನ ದಾರಿ ಕಾಯುತ್ತಾ ಕುಳಿತಿದ್ದಳಂತೆ. ಅವಳು ಮತ್ತೊಮ್ಮೆ ಈ ದೇಶಕ್ಕೆ ಬರಲಿಲ್ಲ. ಒಡೆದ ಪೈಪುಗಳನ್ನೆಲ್ಲ ಹೊಸದಾಗಿ ಹಾಕಿದೆವು, ಈಗ ಅವು ಎಲ್ಲಿದ್ದವು ಎಂಬುದೂ ನನಗೆ ನೆನಪಿಲ್ಲ. ಅವಳ ಜೊತೆ ಆ ವಾರ ಕಳೆಯಲಿಲ್ಲ ಎಂಬುದು ಮಾತ್ರ ನೆನಪಿದೆ.

ಆದ್ದರಿಂದ ಹಿಮ ಗಟ್ಟಿಯಾಗಿ ಬಿದ್ದ ದಿನ ಕೆಲಸಕ್ಕೆ ಹೋಗಬೇಡ ಎಂದರೆ ನಿನಗೆ ಕೋಪ ಬರಬಾರದು. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಒಂಬತ್ತರ ಹತ್ತಿರ, ಮೂರೂವರೆಗೆ ಮುಳುಗಿಯೂ ಆಯಿತು. ಸೊನ್ನೆಯ ಕೆಳಗೆ ನಿನ್ನ ಕೋಲಿನಿಂದ ಸುರಿದ ನೀರು ಗಿರಾಕಿಯ ಮೆಟ್ಟಿಲ ಮೇಲೆ ಗಾಜಿನಂತೆ ಕಟ್ಟುತ್ತದೆ, ಬಿದ್ದವರ ಸೊಂಟ ಮುರಿದರೆ ಯಾವ ಗಿರಾಕಿಯೂ ನಿನ್ನನ್ನು ಮತ್ತೆ ಕರೆಯುವುದಿಲ್ಲ. ಒಳ್ಳೆಯ ಗಿರಾಕಿಗಳಿಗೆ ಮೊದಲೇ ತಿಳಿಸಿದರೆ ಅವರು ಕಾಯುತ್ತಾರೆ.

ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರವರಿಯಿಂದ ಇಂಧನ ಉರಿಯುವ ಸಾಧನ ಇರುವ ಪ್ರತಿ ಮನೆಯಲ್ಲೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕೆಂಬ ನಿಯಮವಿದೆ, ನಿನ್ನ ಬಾಯ್ಲರಿನ ಹತ್ತಿರ ಒಂದು ಇದ್ದೇ ಇರುತ್ತದೆ. ಅದು ಸಾಲದು. ಅದರ ಗುಂಡಿ ಒತ್ತಿ ಕೂಗುತ್ತದೆಯೇ ನೋಡು, ತಯಾರಾದ ವರ್ಷವನ್ನೂ ನೋಡು. ಅದರೊಳಗಿನ ಸೆನ್ಸರಿಗೂ ಆಯುಸ್ಸಿದೆ. ಇನ್ನೆರಡನ್ನು ನಾನೇ ಕೊಂಡು ಪಾರ್ಸೆಲ್ ಮಾಡಿದ್ದೇನೆ. ಒಂದರ ಮೇಲೆ 50291-1 ಎಂಬ ಮಾನಕದ ಸಂಖ್ಯೆ ಇದೆ, ಅದು ಮನೆಗೆ, ಮಗುವಿನ ಕೋಣೆಯಲ್ಲಿ ಹಾಕು. ಇನ್ನೊಂದರ ಮೇಲೆ 50291-2 ಎಂದಿದೆ, ಅದನ್ನು ಕ್ಯಾರವಾನು, ದೋಣಿಗಳ ಅಲುಗಾಟಕ್ಕೆ ತಕ್ಕಂತೆ ಮಾಡಿರುತ್ತಾರೆ, ವ್ಯಾನಿನಲ್ಲಿ ಇಡು. ಎಂದಾದರೂ ರಾತ್ರಿ ಯಾವ ಅಲಾರಂ ಕೂಗಿದರೂ ಕಾರಣ ಹುಡುಕುತ್ತಾ ನಿಲ್ಲದೆ ಮಗುವನ್ನು ಎತ್ತಿಕೊಂಡು ಎಲ್ಲರೂ ಹೊರಗೆ ಬಂದು, ಹೊರಗಿನಿಂದಲೇ ತುರ್ತು ಸೇವೆಯ 999ಕ್ಕೆ ಫೋನ್ ಮಾಡು. ಆದರೆ ಅಲಾರಂ ಬಂತಲ್ಲ ಎಂದು ಹೀಟರ್ ಹಚ್ಚುವುದು ಬೇಡ. ಆ ಮಾತು ನಿನ್ನ ಬಾಯಿಗೆ ಬರುವ ಮೊದಲೇ ಹೇಳುತ್ತಿದ್ದೇನೆ.

ಇಷ್ಟೆಲ್ಲ ಮಾಡಿಯೂ ಪಂಪು ಒಡೆದರೆ ಒಡೆಯಲಿ, ಹೊಸದಕ್ಕೆ ದುಡ್ಡು ನಾನು ಕಳಿಸುತ್ತೇನೆ, ಅದನ್ನು ಸಾಲ ಎಂದು ಬರೆದಿಟ್ಟುಕೊಳ್ಳಬೇಡ. ಹೀಟರನ್ನು ಅಂಗಡಿಗೆ ಹಿಂದಿರುಗಿಸಿದ ದಿನ ರಾತ್ರಿ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು. ಅಂಗಡಿಯವನು ತೆಗೆದುಕೊಳ್ಳದಿದ್ದರೆ ಸಿಲಿಂಡರನ್ನು ಬಿಚ್ಚಿ ಮನೆಯ ಹೊರಗೆ, ಬಯಲಿನಲ್ಲಿ ಇಡು, ಮುಂದಿನ ವಾರ ನಾನೇ ರೈಲಿನಲ್ಲಿ ಬಂದು ಅದಕ್ಕೊಂದು ದಾರಿ ಮಾಡುತ್ತೇನೆ.

ಇತಿ ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ