ಮನೆಭಾಷೆ ಯಾವುದು ಅಂತ ಕೇಳಿದಾಗ

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. "ಆ ಹೈಸ್ಕೂಲಿಗೆ ರೇಟಿಂಗ್ ಹತ್ತಕ್ಕೆ ಒಂಬತ್ತಂತೆ, ಈ ಕಡೆಯದಕ್ಕೆ ಆರು. ಅಲ್ಲಿ ಬಾಡಿಗೆ ಜಾಸ್ತಿ. ಏನ್ ಮಾಡೋದು?"

ಇಲ್ಲಿ ಅಮೆರಿಕದಲ್ಲಿ ಸರ್ಕಾರಿ ಶಾಲೆ ಗೊತ್ತಾಗುವುದೇ ಮನೆ ವಿಳಾಸದಿಂದ, ಹಾಗಾಗಿ ನಮ್ಮವರು ಮನೆ ನೋಡುವಾಗಲೇ ಶಾಲೆಯನ್ನೂ ನೋಡುತ್ತಾರೆ. ಆದರೆ ಆ ರೇಟಿಂಗಿನಲ್ಲಿ ದೊಡ್ಡ ಪಾಲು ಪರೀಕ್ಷೆಯ ಅಂಕಗಳದ್ದು. ಊರಿನಿಂದ ಬಂದು ನೇರ ಹತ್ತನೇ ಕ್ಲಾಸಿಗೆ ಸೇರುವ ಹುಡುಗಿಯನ್ನು ಶಾಲೆ ಹೇಗೆ ನೋಡಿಕೊಳ್ಳುತ್ತದೆ ಅನ್ನೋದು ಅದರಲ್ಲಿ ಕಾಣುವುದಿಲ್ಲ.

ನನ್ನ ಮಗಳು ಶಿವಮೊಗ್ಗದಲ್ಲಿ ಒಂಬತ್ತನೇ ಕ್ಲಾಸು ಮುಗಿಸಿ ಬಂದವಳು. ರೇಟಿಂಗ್ ಒಂಬತ್ತರ ಶಾಲೆಗೆ ಹೋದಾಗ "ಇಂಥ ಮಕ್ಕಳು ನಮ್ಮಲ್ಲಿ ಕಡಿಮೆ" ಅಂದರು. ಅಷ್ಟೇ ಮಾತು. ಆರರ ಶಾಲೆಯ ಕೌನ್ಸೆಲರ್ ಅಂಕಪಟ್ಟಿ ತೆಗೆದುಕೊಂಡು ಗಣಿತದ 64ರ ಪಕ್ಕ ಪೆನ್ಸಿಲಿನಲ್ಲಿ ‘ಡಿ’ ಅಂತ ಬರೆದರು! ನಮ್ಮಲ್ಲಿ 60 ದಾಟಿದರೆ ಫಸ್ಟ್ ಕ್ಲಾಸ್, ಇಲ್ಲಿ 64 ಅಂದರೆ ಜಸ್ಟ್ ಪಾಸು. ಹೈಸ್ಕೂಲಿನ ಗ್ರೇಡು ಲೆಕ್ಕಕ್ಕೆ ಬರುವುದೇ ಒಂಬತ್ತನೇ ಕ್ಲಾಸಿನಿಂದ. ಶಿವಮೊಗ್ಗದ ಹೆಡ್‌ಮಾಸ್ಟರಿಗೆ ಫೋನ್ ಮಾಡಿ, 35 ಪಾಸು, 60 ಫಸ್ಟ್ ಕ್ಲಾಸ್ ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡೆ. ಕೌನ್ಸೆಲರ್ ಎರಡು ಸಲ ಓದಿ, ರಬ್ಬರ್ ಹುಡುಕಿದರು. ಅಲ್ಲಿಗೇ ಸೇರಿಸಿದೆವು.

ಸೇರಿಸುವ ದಿನ ಒಂದು ಫಾರಂ ಕೊಡುತ್ತಾರೆ. ಮಗು ಮೊದಲು ಕಲಿತ ಭಾಷೆ ಯಾವುದು? ಮನೆಯಲ್ಲಿ ಜಾಸ್ತಿ ಆಡುವ ಭಾಷೆ ಯಾವುದು? "ಸುಮ್ನೆ ಇಂಗ್ಲಿಷ್ ಅಂತ ಬರೆದುಬಿಡಿ" ಎಂದು ಸಲಹೆ ಕೊಡುವವರು ನಮ್ಮಲ್ಲೇ ಬೇಕಾದಷ್ಟಿದ್ದಾರೆ. ಬೇಡ. ಕನ್ನಡ ಅಂತಲೇ ಬರೆಯಿರಿ. ಕ್ಯಾಲಿಫೋರ್ನಿಯಾದಲ್ಲಾದರೆ 30 ದಿನದೊಳಗೆ ಎಲ್‌ಪ್ಯಾಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಇರುತ್ತದೆ. ಮಗುವಿಗೆ ಇಂಗ್ಲಿಷ್ ಚೆನ್ನಾಗಿ ಬಂದರೆ ವಿಷಯ ಅಲ್ಲಿಗೇ ಮುಗಿಯಿತು. ಬರದಿದ್ದರೆ ಶಾಲೆ ಸಹಾಯ ಮಾಡಲೇಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ ನಡೆದ ಲೌ ವರ್ಸಸ್ ನಿಕಲ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1974ರಲ್ಲೇ ಹೀಗೆ ಹೇಳಿದೆ.

ನೀವು ಕೇಳಬೇಕಾದ್ದು ಬೇರೆ ಇದೆ. ಇಂಗ್ಲಿಷ್ ಸಾಲದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಇಎಲ್‌ಡಿ ಕ್ಲಾಸಿಗೆ ಹಾಕಿದರೆ ಯಾವ ಪೀರಿಯಡ್ ಹೋಗುತ್ತದೆ? ಎಷ್ಟೋ ಕಡೆ ಹೋಗುವುದು ಚಿತ್ರಕಲೆ ಅಥವಾ ಸಂಗೀತ. ನನ್ನ ಮಗಳಿಗೆ ಒಂದು ವರ್ಷ ಆರ್ಟ್ ಸಿಗಲಿಲ್ಲ, ಆ ಕೋಪ ಇನ್ನೂ ಇದೆ. ಇಂಗ್ಲಿಷ್ ಕಡಿಮೆ ಅಂತ ಗಣಿತದಲ್ಲೂ ಕೆಳಗಿನ ಕ್ಲಾಸಿಗೆ ಹಾಕುತ್ತಾರಾ ಅಂತಲೂ ಕೇಳಿ. ಉತ್ತರ ತಡವರಿಸಿದರೆ, ರೇಟಿಂಗ್ ಹತ್ತಿದ್ದರೂ ಯೋಚನೆ ಮಾಡಿ.

ಇನ್ನು ಕನ್ನಡದ ಲೆಕ್ಕ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದಲ್ಲಿ ಬರೆಯುವ ಎಪಿ ಪರೀಕ್ಷೆಗಳಲ್ಲಿ ಕನ್ನಡ ಇಲ್ಲ, ಹಿಂದಿಯೂ ಇಲ್ಲ. ಆದರೆ ಆರನೇ ಅಥವಾ ಅದಕ್ಕಿಂತ ಮೇಲಿನ ಕ್ಲಾಸುಗಳಲ್ಲಿ ಎರಡು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಾಲೇಜುಗಳು ಕೇಳುವ ಎರಡನೇ ಭಾಷೆಯ ಷರತ್ತು ಅಷ್ಟರಿಂದಲೇ ಪೂರೈಸುತ್ತದೆ. ಇದು ಗೊತ್ತಿಲ್ಲದೆ ಹೊಸದಾಗಿ ಸ್ಪ್ಯಾನಿಷ್‌ಗೆ ಕೂತ ಹುಡುಗರನ್ನು ನೋಡಿದ್ದೇನೆ. ಎರಡು ಭಾಷೆ ಬಲ್ಲವರ ಹೈಸ್ಕೂಲ್ ಡಿಪ್ಲೊಮಾ ಮೇಲೆ ಒತ್ತುವ ಸೀಲ್ ಆಫ್ ಬೈಲಿಟರಸಿ ಕೂಡ ಇದೆ. 2011ರಲ್ಲಿ ಅದಕ್ಕೆ ಮೊದಲು ಕಾನೂನು ಮಾಡಿದ ರಾಜ್ಯ ಕ್ಯಾಲಿಫೋರ್ನಿಯಾ. ಎಪಿ ಇಲ್ಲದ ಭಾಷೆಗೆ, ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ತಾನೇ ಪರೀಕ್ಷೆ ಮಾಡಬಹುದು, ಆದರೆ ನಾವು ಕೇಳದೆ ಯಾರೂ ಮಾಡುವುದಿಲ್ಲ ಅಲ್ವಾ?

ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ಕನ್ನಡಕ್ಕೆ ಪರೀಕ್ಷೆ ಮಾಡಿದ್ದರೆ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.