ಬಾಗಿಲು ತೆರೆದವರಿಗೆ, ಮೂರನೇ ಸಲವೂ ತಟ್ಟಿದವರಿಗೆ

ದಕ್ಷಿಣ ಕನ್ನಡದ 8, ಉಡುಪಿಯ 5, ಒಟ್ಟು 13 ವಿಧಾನಸಭಾ ಕ್ಷೇತ್ರಗಳ ಮತದಾರರ ಸಮೀಕ್ಷೆ ಮುಗಿದಿದೆ. ಮೊದಲ ನಮಸ್ಕಾರ ಉತ್ತರ ಕೊಟ್ಟವರಿಗೆ. ಗುರುತಿಲ್ಲದವರು ಓಟಿನ ವಿಷಯ ಕೇಳಿಕೊಂಡು ಅಂಗಳಕ್ಕೆ ಬಂದರೂ ಬೆಲ್ಲ, ನೀರು ಕೊಟ್ಟು ಜಗಲಿಯಲ್ಲಿ ಕೂರಿಸಿದಿರಿ. "ನಾವು ಹೇಳುವುದಿಲ್ಲ" ಎಂದವರ ಋಣವೂ ಅಷ್ಟೇ ಇದೆ. ಒತ್ತಾಯಕ್ಕೆ ಕೊಟ್ಟ ಉತ್ತರ ಲೆಕ್ಕವನ್ನು ಕೆಡಿಸುತ್ತದೆ. ನಿರಾಕರಣೆಯನ್ನು ನಿರಾಕರಣೆ ಎಂದೇ ಬರೆದುಕೊಳ್ಳಬಹುದು.

ಇನ್ನು ಮನೆಮನೆಗೆ ನಡೆದ ಹುಡುಗ ಹುಡುಗಿಯರು. ಪ್ರತಿ ಕ್ಷೇತ್ರದಲ್ಲಿ 6 ಮತಗಟ್ಟೆ, ಪ್ರತಿ ಮತಗಟ್ಟೆಯ ಪಟ್ಟಿಯಿಂದ 20 ಹೆಸರು, ಒಟ್ಟು 1,560. ಪಟ್ಟಿಯಲ್ಲಿ 1,000 ಮತದಾರರಿದ್ದರೆ 50ಕ್ಕೊಂದು ಹೆಸರು. ಶುರುವಿಗೆ 1ರಿಂದ 50ರೊಳಗಿನ ಚೀಟಿ ಎತ್ತಿದಾಗ 17 ಬಂದರೆ 17, 67, 117, ಹೀಗೆ. ಆದರೆ 67ನೆಯವರು ಕೆಲಸಕ್ಕೆ ಹೋಗಿರುತ್ತಾರೆ, 117ನೆಯವರು ಮಲ್ಪೆಯ ಮೀನುಗಾರಿಕೆ ದಕ್ಕೆಯಲ್ಲಿರುತ್ತಾರೆ, ಬಾಗಿಲಿಗೆ ಬೀಗ. ಪಕ್ಕದ ಮನೆಯವರನ್ನು ಕೇಳಿ ಫಾರಂ ತುಂಬಿಸಿಬಿಡುವ ಆಸೆ ಹುಟ್ಟುವುದು ಇಲ್ಲೇ, ಸಮೀಕ್ಷೆ ಹಾಳಾಗುವುದೂ ಇಲ್ಲೇ. ಹಗಲು ಹನ್ನೊಂದಕ್ಕೆ ಸಿಗುವವರು ಬೀಡಿ ಕಟ್ಟುವ ಹೆಂಗಸರು, ಪ್ರಾಯ ಆದವರು. ಅವರನ್ನಷ್ಟೇ ಕೇಳಿದರೆ ಬೋಟಿಗೆ ಹೋದವರು, ಮಂಗಳೂರಿಗೆ ಬಸ್ಸು ಹಿಡಿದವರು ಲೆಕ್ಕದಿಂದ ಹೊರಗೆ. ಅದಕ್ಕೇ ಬೆಳಿಗ್ಗೆ, ಸಂಜೆ, ಭಾನುವಾರ ಎಂದು ಮೂರು ಸಲ ಹೋಗಬೇಕು. ಬದಲಿ ಹೆಸರು ಹಾಕುವಂತಿಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಸೇರಿಸಿ ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಸೋಲುತ್ತಾರೆ ಎಂದಿತ್ತು. ಅವರು 48ರಲ್ಲಿ 46 ರಾಜ್ಯ ಗೆದ್ದರು. ಕೇಳದೆ ಬಿಟ್ಟವರು, ಉತ್ತರ ಕಳಿಸದವರು ಬೇರೆ ಥರದವರಾಗಿದ್ದರು.

ತುಳು, ಕೊಂಕಣಿ, ಬ್ಯಾರಿಗೆ ಪ್ರಶ್ನೆ ತಂದುಕೊಟ್ಟ ಮೇಷ್ಟ್ರುಗಳಿಗೆ, ಟೀಚರುಗಳಿಗೆ ವಂದನೆ. ಒಬ್ಬರು ಕನ್ನಡದಿಂದ ತುಳುವಿಗೆ ತಂದರೆ, ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಕನ್ನಡಕ್ಕೆ ತರಬೇಕು. ಎರಡು ಕನ್ನಡ ತಾಳೆಯಾಗದ ಕಡೆ ಪ್ರಶ್ನೆಯಲ್ಲೇ ದೋಷ. "ಆಡಳಿತ ತೃಪ್ತಿಕರವೇ" ಎಂಬುದು ಕಡತದ ಮಾತು, ಜಗಲಿಯಲ್ಲಿ ನಡೆಯದು. "ಕೆಲಸ ಒಳ್ಳೆದಾಗಿದೆ ಅಲ್ವಾ" ಎಂದರೆ ಉತ್ತರವನ್ನು ನಾವೇ ಬಾಯಿಗೆ ಇಟ್ಟಂತೆ. "ಕೆಲಸ ಸರಿ ಆಗಿದೆಯಾ, ಆಗಿಲ್ಲವಾ" ಎಂದು ಎರಡೂ ಕಡೆ ಸಮಕ್ಕೆ ಹಿಡಿದದ್ದು ಇವರು.

ಮನೆಮಂದಿಯ ಎದುರು ಹೇಳುವ ಓಟು ಬೇರೆ, ಒತ್ತುವ ಬಟನ್ ಬೇರೆ ಆಗಬಹುದು. ಅದಕ್ಕಾಗಿ ಗುಟ್ಟಾಗಿ ಗುರುತು ಹಾಕಲು ಪಕ್ಷಗಳ ಚಿಹ್ನೆಗಳಿದ್ದ ಚೀಟಿ, ಅದನ್ನು ಹಾಕಲು ಬೀಗದ ಡಬ್ಬಿ. ಅವನ್ನು ಮಳೆಗೆ ಒದ್ದೆಯಾಗದಂತೆ ಹೊತ್ತವರಿಗೂ ಕೃತಜ್ಞತೆ. ಹತ್ತಕ್ಕೊಂದು ಮನೆಗೆ ಮತ್ತೆ ಹೋಗಿ "ನಿಜವಾಗಿಯೂ ಬಂದಿದ್ದರಾ" ಎಂದು ವಿಚಾರಿಸಿದ ಮೇಲ್ವಿಚಾರಕರದು ಯಾರಿಗೂ ಇಷ್ಟವಾಗದ ಕೆಲಸ. 20 ನಿಮಿಷದ ಸಂದರ್ಶನ 6 ನಿಮಿಷದಲ್ಲಿ ಮುಗಿದಿದ್ದರೆ ಅವರು ಬಿಡುತ್ತಿರಲಿಲ್ಲ.

ಹೊರದೇಶದ ಚುನಾವಣಾ ವೀಕ್ಷಣೆಗೆ ಹೋಗಿ ಬಂದ ಹಿರಿಯರು ಕಲಿಸಿದ್ದೂ ಇದೇ ಲೆಕ್ಕ. ಫಿಲಿಪೈನ್ಸ್‌ನಲ್ಲಿ 1986ರಲ್ಲಿ, ಚಿಲಿಯಲ್ಲಿ 1988ರಲ್ಲಿ ನಾಗರಿಕರೇ ಮತಗಟ್ಟೆಗಳ ಫಲಿತಾಂಶ ಸೇರಿಸಿ ಸರ್ಕಾರದ ಎಣಿಕೆಗೆ ಸಮಾನಾಂತರವಾಗಿ ತಮ್ಮದೇ ಎಣಿಕೆ ನಡೆಸಿದರು. ಆರಿಸಿದ ಮತಗಟ್ಟೆಗಳಲ್ಲಿ ದೂರದ ಹಳ್ಳಿಯದು ತಡವಾಯಿತೆಂದು ಕೈಬಿಟ್ಟರೆ ಪಟ್ಟಣದ ಒಲವೇ ದೇಶದ ಒಲವಾಗಿ ಕಾಣುತ್ತದೆ. ನಮ್ಮ ಬೀಗದ ಬಾಗಿಲಿನ ತೊಂದರೆಯೇ ಅದು.

ಕೊನೆಗೆ ಪತ್ರಿಕೆಯ ಗೆಳೆಯರಿಗೆ. 1,067 ಉತ್ತರ ಸಿಕ್ಕರೆ ಏರುಪೇರು, ಅಂದರೆ ನಮ್ಮ ಲೆಕ್ಕ ನಿಜದಿಂದ ಆಚೀಚೆ ಹೋಗಬಹುದಾದ ಅಂತರ, ಶೇ. 3 ಎನ್ನುತ್ತಾರೆ. ಒಂದೇ ಮತಗಟ್ಟೆಯ ನೆರೆಹೊರೆಯವರ ಉತ್ತರ ಹೋಲುವುದರಿಂದ ಅದು ಶೇ. 3.7ರಷ್ಟಕ್ಕೂ ಹೋಗಬಹುದು ಎಂದಾಗ ಹಾಗೆಯೇ ಬರೆಯಲು ಒಪ್ಪಿದಿರಿ. ಎಲ್ಲ ಉತ್ತರ ಸಿಕ್ಕರೂ ಒಂದು ಕ್ಷೇತ್ರಕ್ಕೆ ಬರುವುದು 120. ಅಷ್ಟರಿಂದ ಗೆಲ್ಲುವವರ ಹೆಸರು ಹೇಳಲಾಗದು ಎಂಬುದನ್ನೂ ಒಪ್ಪಿದಿರಿ.

ಉತ್ತರ ಕೊಟ್ಟವರ ಹೆಸರು, ಮನೆ ನಂಬರಿನ ಹಾಳೆಗಳನ್ನು ಫಾರಂಗಳಿಂದ ಬೇರ್ಪಡಿಸಿ ಬೀಗ ಹಾಕಿಟ್ಟಿದ್ದೇವೆ. ಮರುಪರಿಶೀಲನೆ ಮುಗಿದ ದಿನ ಅವನ್ನು ಸುಟ್ಟುಹಾಕುತ್ತೇವೆ.