ಹುಚ್ಚು ಇಲಿಯೂ ರಸಮಟ್ಟವೂ

ಗೆಳೆಯಾ,

ಹೋದ ಭಾನುವಾರ ಇಲ್ಲಿ ಇಂಗ್ಲೆಂಡಿನ ಕಡಲತೀರದ ಊರು ಬ್ರೈಟನ್‌ಗೆ ಹೋಗಿದ್ದೆವು. ಅಲ್ಲಿ ಸಮುದ್ರದೊಳಕ್ಕೆ ಅರ್ಧ ಕಿಲೋಮೀಟರ್ ಚಾಚಿಕೊಂಡ ಕಬ್ಬಿಣದ ಕಂಬಗಳ ಅಟ್ಟಣೆಯೊಂದಿದೆ. ಪಿಯರ್ ಅನ್ನುತ್ತಾರೆ, 1899ರದ್ದು. ಅದರ ತುದಿಯಲ್ಲಿ ವರ್ಷವಿಡೀ ಜಾತ್ರೆ. ಹಲಗೆಗಳ ಸಂದಿಯಲ್ಲಿ ಇಣುಕಿದರೆ ಕೆಳಗೆ ನೀರು.

ಅಲ್ಲಿ 'ಕ್ರೇಜಿ ಮೌಸ್', ಅಂದರೆ ಹುಚ್ಚು ಇಲಿ, ಅನ್ನೋ ರೋಲರ್ ಕೋಸ್ಟರ್ ಹತ್ತಿದೆ. ಎತ್ತರ 13 ಮೀಟರ್, ಅಷ್ಟೇ. ನಮ್ಮ ದಸರಾ ಎಕ್ಸಿಬಿಷನ್ನಿನ ಜಯಂಟ್ ವೀಲ್ ನೋಡಿದವನಿಗೆ ಇದೇನು ಮಹಾ ಅಂತ ನಕ್ಕುಬಿಟ್ಟೆ. ತಪ್ಪಾಯಿತು ಮಾರಾಯ.

ನಾಲ್ಕು ಜನ ಕೂರುವ ದುಂಡನೆಯ ಗಾಡಿ. ಮೊದಲು ಒಳ್ಳೆಯ ಹುಡುಗನ ಹಾಗೆ ನೆಟ್ಟಗೆ ಹೋಗುತ್ತದೆ. ಮೇಲೆ ಹತ್ತಿದ ಮೇಲೆ ಒಂದರ ಹಿಂದೊಂದು ಕಡಿದಾದ ತಿರುವು. ಹಳಿಗೆ ಓರೆಯೇ ಇಲ್ಲ, ಪೂರ್ತಿ ಚಪ್ಪಟೆ. ಮುಂದೆ ಹಳಿ ಕಾಣುವುದಿಲ್ಲ, ಬರೀ ಸಮುದ್ರ. ಇನ್ನೇನು ಬಿದ್ದೆವು ಅನ್ನುವಾಗ ಗಕ್ಕನೆ ಪಕ್ಕಕ್ಕೆ ತಿರುಗುತ್ತದೆ. ಅರ್ಧ ದಾರಿಯಲ್ಲಿ, ಗಾಡಿಯನ್ನು ನೆಟ್ಟಗೆ ಹಿಡಿದಿದ್ದ ಕೆಳಗಿನ ಕೊಂಡಿ ಬಿಡುತ್ತದೆ. ಅಲ್ಲಿಂದಾಚೆ ಗಾಡಿ ಅನ್ನಬೇಡ, ಬುಗುರಿ ಅನ್ನು.

ಸುತ್ತಿಸಲು ಮೋಟಾರ್ ಇಲ್ಲ. ಕೂತವರ ತೂಕವೇ ಸುತ್ತಿಸುತ್ತದೆ. ಭಾರ ಸಮ ಇದ್ದರೆ ಸೋಮಾರಿಯಂತೆ ತಿರುಗುತ್ತದೆ. ಒಂದು ಕಡೆ ಜಾಸ್ತಿ ಇದ್ದರೆ ಪ್ರತಿ ತಿರುವಿನಲ್ಲೂ ಆ ಕಡೆಯೇ ಬೀಸಿ ಎಸೆಯುತ್ತದೆ. ನಮ್ಮ ಗಾಡಿಯಲ್ಲಿ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಮಗಳು. ನನ್ನ ತೂಕ ನಿನಗೆ ಗೊತ್ತಲ್ಲ! ಇಳಿಜಾರು ಕಣ್ಣಿಗೆ ಕಂಡರೆ ಹೊಟ್ಟೆ ಮೊದಲೇ ಬಿಗಿಹಿಡಿದು ತಯಾರಾಗುತ್ತದೆ. ಇಲ್ಲಿ ಬೆನ್ನು ಹಾಕಿಕೊಂಡು ಬೀಳುತ್ತೇವೆ, ತಯಾರಿಗೆ ಸಮಯವೇ ಇಲ್ಲ. ಮಗಳು ನಗುತ್ತಿದ್ದಳು. ನಾನು ಕನ್ನಡಕ ಹಿಡಿದುಕೊಂಡಿದ್ದೆ.

ಈ ಹುಚ್ಚು ಹೊಸದಲ್ಲವಂತೆ. 1908ರಲ್ಲೇ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಹೆನ್ರಿ ರೀಲ್ ಅನ್ನುವವನು ದುಂಡು ತೊಟ್ಟಿಗಳನ್ನು ಸುತ್ತಿಸುತ್ತಾ ಇಳಿಜಾರಿನಲ್ಲಿ ಬಿಟ್ಟಿದ್ದ. 'ವರ್ಜೀನಿಯಾ ರೀಲ್' ಅಂತ ಮಗಳ ಹೆಸರನ್ನೇ ಇಟ್ಟ. ಮಗಳ ಮೇಲೆ ಎಷ್ಟು ಪ್ರೀತಿಯೋ, ಎಷ್ಟು ಕೋಪವೋ! ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಕಡಲತೀರದಲ್ಲೂ ಅಂಥದ್ದೊಂದು 1922ರಿಂದ 1982ರವರೆಗೆ ಇತ್ತು. ಬ್ರೈಟನ್ನಿನ ಈ ಇಲಿಯನ್ನು ಮಾಡಿದ್ದು ಫ್ರಾನ್ಸಿನ ರೆವರ್ಶೋನ್ ಕಂಪನಿ.

ಆದರೆ ನಿನಗೆ ಬರೆಯಬೇಕು ಅನ್ನಿಸಿದ್ದು ಬೇರೆ ವಿಷಯಕ್ಕೆ. ಇದೇ ಜಾತಿಯ ಇಲಿಗಳನ್ನು ಬಿಚ್ಚಿ, ಲಾರಿಗೆ ಹೇರಿ, ಊರೂರು ತಿರುಗಿಸುತ್ತಾರೆ. ಹೋದ ವರ್ಷ ನಮ್ಮ ಬೀದಿಯಾಚೆಯ ಮೈದಾನಕ್ಕೆ ಒಂದು ಬಂದಿತ್ತು. ಜೋಡಿಸುವುದನ್ನು ಬೇಲಿ ಹಿಡಿದು ನಿಂತು ನೋಡಿದೆ. ಪಾಯ ಇಲ್ಲ, ಸಿಮೆಂಟ್ ಇಲ್ಲ. ಹಸಿ ಹುಲ್ಲಿನ ಮೇಲೆ ಕಬ್ಬಿಣದ ಕಾಲು, ಕಾಲಿನ ಕೆಳಗೆ ಮರದ ತುಂಡು. ನೆಲ ತಗ್ಗಿದ್ದ ಕಡೆ ಮೂರು ತುಂಡು, ಉಬ್ಬಿದ್ದ ಕಡೆ ಒಂದು. ವಯಸ್ಸಾದವರೊಬ್ಬರು ಮಂಡಿಯೂರಿ ರಸಮಟ್ಟ ಇಟ್ಟರು, ಒಂದು ಕಣ್ಣು ಮುಚ್ಚಿ ಗುಳ್ಳೆ ನೋಡಿದರು, ತೆಳು ಹಲಗೆಯೊಂದನ್ನು ಸುತ್ತಿಗೆಯಲ್ಲಿ ತಟ್ಟಿ ತೂರಿಸಿದರು, ಮತ್ತೆ ನೋಡಿದರು. ಥೇಟ್ ನಿಮ್ಮಪ್ಪ! ನಮ್ಮ ಮನೆಯ ಜಗಲಿ ಕಟ್ಟುವಾಗ ಹೀಗೇ ಕೂತು, ಗುಳ್ಳೆ ನಡುವಿಗೆ ಬರುವವರೆಗೆ ಯಾರನ್ನೂ ಮಾತಾಡಗೊಡುತ್ತಿರಲಿಲ್ಲ, ಅಲ್ವಾ?

ಅವರಿಗೆ ಇದನ್ನು ಓದಿ ಹೇಳು. ಪಾಯ ಇಲ್ಲದ, ಮರದ ತುಂಡಿನ ಮೇಲೆ ನಿಂತ ಇಲಿಯನ್ನು ಹತ್ತುತ್ತಾರಾ ಅಂತ ಕೇಳಿ ಬರಿ.

ನಿನ್ನವ